ಎರೆಮಣ್ಣಿನ ಹುಲ್ಲುಹಾಸು ಮತ್ತು ಕಬ್ಬಿಣದ ಹಸಿವು

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಯ ಮುಂದೆ ಹುಲ್ಲುಹಾಸು ಬೆಳೆಸಿಕೊಂಡವರ ದೂರು ಹೆಚ್ಚಾಗಿ ಒಂದೇ ಬಗೆಯದು. ಹುಲ್ಲು ಸಾಯುವುದಿಲ್ಲ, ಹಬ್ಬುವುದನ್ನೂ ಬಿಡುವುದಿಲ್ಲ. ಆದರೆ ನರ್ಸರಿಯಿಂದ ತಂದು ಹಾಸಿದಾಗ ಇದ್ದ ಕಡುಹಸಿರು ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಇಳಿದುಹೋಗಿ, ಹಳದಿ ಬೆರೆತ ಪೇಲವ ಬಣ್ಣವೊಂದು ಅಲ್ಲಿ ಉಳಿದುಬಿಡುತ್ತದೆ. ತೋಟದ ಕೆಲಸದವರನ್ನು ಕೇಳಿದರೆ "ಒಂದ್ ಬೊಗಸಿ ಯೂರಿಯಾ ಉಗ್ಗರಿ ಸರ್, ಹಸರಾಕ್ಕೈತಿ" ಎನ್ನುತ್ತಾರೆ. ಯೂರಿಯಾ ಬಿದ್ದ ವಾರದಲ್ಲಿ ಹುಲ್ಲು ಎತ್ತರವಾಗುತ್ತದೆ, ಕತ್ತರಿಸುವ ಕೆಲಸ ಹೆಚ್ಚುತ್ತದೆ, ಬಣ್ಣ ಮಾತ್ರ ಬಯಸಿದಷ್ಟು ಗಾಢವಾಗುವುದಿಲ್ಲ. ನಮ್ಮ ಭಾಗದ ಎರೆಮಣ್ಣಿನ, ಅಂದರೆ ಕಪ್ಪುಮಣ್ಣಿನ, ಮೇಲೆ ಬೆಳೆದ ಹುಲ್ಲಿಗೆ ಬಹಳ ಸಲ ಕೊರತೆಯಾಗಿರುವುದು ಸಾರಜನಕವಲ್ಲ, ಕಬ್ಬಿಣ. ಇದು ನನ್ನ ದೃಢವಾದ ಅಭಿಪ್ರಾಯ, ಮತ್ತು ಇದಕ್ಕೆ ಕಾರಣವನ್ನು ಮಣ್ಣಿನಿಂದಲೇ ವಿವರಿಸಬೇಕು.

ಎಲೆಗೆ ಹಸಿರು ಕೊಡುವ ಪತ್ರಹರಿತ್ತಿನ ಕಣದ ನಡುವೆ ಇರುವುದು ಮೆಗ್ನೀಸಿಯಂ, ಅದನ್ನು ಸುತ್ತುವರಿದಿರುವುದು ಸಾರಜನಕದ ನಾಲ್ಕು ಪರಮಾಣುಗಳು. ಆದ್ದರಿಂದ ಸಾರಜನಕವಿಲ್ಲದೆ ಹಸಿರಿಲ್ಲ ಎಂಬ ಮಾತು ನಿಜ. ಕಬ್ಬಿಣ ಆ ಕಣದೊಳಗೆ ಇರುವುದಿಲ್ಲ. ಆದರೆ ಕಬ್ಬಿಣ ಸಾಲದಿದ್ದರೆ ಎಲೆಯು ಆ ಕಣವನ್ನು ಕಟ್ಟುವ ಕೆಲಸವೇ ನಡುವೆ ನಿಂತುಹೋಗುತ್ತದೆ. ಸಾರಜನಕವು ಹುಲ್ಲನ್ನು ಬೆಳೆಸುತ್ತಲೂ ಹಸಿರಾಗಿಸುತ್ತಲೂ ಇರುತ್ತದೆ, ಕಬ್ಬಿಣವಾದರೋ ಬೆಳವಣಿಗೆಯನ್ನು ಹೆಚ್ಚಿಸದೆ ಬಣ್ಣವನ್ನಷ್ಟೇ ಗಾಢಗೊಳಿಸುತ್ತದೆ. ಮನೆಯ ಹುಲ್ಲುಹಾಸನ್ನು ನೋಡಿಕೊಳ್ಳುವವರಿಗೆ ಈ ಒಂದು ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಹಗುರವಾಗುತ್ತದೆ.

ಹಾಗಾದರೆ ನಮ್ಮ ಮಣ್ಣಿನಲ್ಲಿ ಕಬ್ಬಿಣವಿಲ್ಲವೇ? ಧಾರಾಳವಾಗಿದೆ. ಗದಗ ಸೀಮೆಯ ಕಪ್ಪತಗುಡ್ಡದಲ್ಲಿ ಕಬ್ಬಿಣದ ಅದಿರೇ ಇದೆ. ಎರೆಮಣ್ಣಿನಲ್ಲೂ ಕಬ್ಬಿಣದ ಅಂಶಕ್ಕೆ ಬರವಿಲ್ಲ. ತೊಂದರೆ ಇರುವುದು ಅದು ಕರಗದೆ ಉಳಿಯುವುದರಲ್ಲಿ. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಕಡೆಯ ಆಳವಾದ ಎರೆಭೂಮಿಯಲ್ಲಿಯೂ, ಹುಬ್ಬಳ್ಳಿಯ ಪೂರ್ವದ ಬಡಾವಣೆಗಳಲ್ಲಿಯೂ ಮಣ್ಣಿನ ಪಿಎಚ್ (ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಮೇಲಿದ್ದರೆ ಕ್ಷಾರ) ಸಾಮಾನ್ಯವಾಗಿ 8ರ ಆಸುಪಾಸಿನಲ್ಲಿರುತ್ತದೆ, ಕೆಲವೆಡೆ 8.5ರವರೆಗೂ ಏರಿರುತ್ತದೆ. ಪಿಎಚ್ ಒಂದು ಅಂಕ ಏರಿದರೆ ಮಣ್ಣಿನ ನೀರಿನಲ್ಲಿ ಕರಗಿರುವ ಫೆರಿಕ್ ಕಬ್ಬಿಣದ (ತುಕ್ಕಿನಲ್ಲಿರುವ ರೂಪದ ಕಬ್ಬಿಣದ) ಪ್ರಮಾಣ ಸಾವಿರ ಪಟ್ಟು ಇಳಿಯುತ್ತದೆ. ಮಣ್ಣಿನಲ್ಲಿ ಬೆರೆತಿರುವ ಸುಣ್ಣವು ನೀರಿನೊಂದಿಗೆ ಸೇರಿ ಬೈಕಾರ್ಬೊನೇಟ್ ಆಗುತ್ತದೆ, ಅದು ಬೇರು ಕಬ್ಬಿಣವನ್ನು ಹೀರುವುದಕ್ಕೂ, ಹೀರಿದ್ದು ಎಲೆಗೆ ಏರುವುದಕ್ಕೂ ಅಡ್ಡಿಯಾಗುತ್ತದೆ. ಅಗೆಯುವಾಗ ಬಿಳಿಯ ಸಣ್ಣ ಸುಣ್ಣದ ಹರಳುಗಳು ಸಿಕ್ಕರೆ, ಅಥವಾ ಒಣಮಣ್ಣಿನ ಮೇಲೆ ನಿಂಬೆರಸ ಹಿಂಡಿದಾಗ ನೊರೆಗುಳ್ಳೆಗಳು ಎದ್ದರೆ, ಆ ಅಂಗಳದ ಹುಲ್ಲು ಇಂದಲ್ಲ ನಾಳೆ ಕಬ್ಬಿಣಕ್ಕೆ ಹಸಿಯುತ್ತದೆ ಎಂದು ತಿಳಿಯಬಹುದು.

ಧಾರವಾಡದ ಪಶ್ಚಿಮ ಭಾಗದಲ್ಲಿಯೂ ಕಲಘಟಗಿಯ ಕಡೆಗೂ ಮಸಾರಿ, ಅಂದರೆ ಕೆಂಪುಮಣ್ಣಿನ, ನೆಲ ಹೆಚ್ಚು. ಅಲ್ಲಿ ಈ ತೊಡಕು ಕಡಿಮೆ, ಅಲ್ಲಿನವರಿಗೆ ಯೂರಿಯಾದ ಸಲಹೆ ಬಹುಮಟ್ಟಿಗೆ ಸರಿಹೊಂದುತ್ತದೆ. ಆದರೆ ಮಸಾರಿ ನೆಲದ ಮನೆಗಳಲ್ಲೂ ಕಂಪೌಂಡ್ ಗೋಡೆಯ ಬುಡದಲ್ಲಿ, ಕಾಲುದಾರಿಯ ಅಂಚಿನಲ್ಲಿ ಒಂದು ಗೇಣಿನಷ್ಟು ಅಗಲದ ಹಳದಿ ಪಟ್ಟಿ ಕಾಣುವುದುಂಟು. ಮನೆ ಕಟ್ಟುವಾಗ ಅಲ್ಲಿ ಬಿದ್ದು ಹೂತುಹೋದ ಸಿಮೆಂಟು, ಗಾರೆಯ ಚೂರುಗಳು ಅಷ್ಟು ಮಣ್ಣನ್ನು ಕ್ಷಾರವಾಗಿಸಿರುತ್ತವೆ. ಎರೆಯ ಮೇಲೆ ಐದಾರು ಇಂಚು ಕೆಂಪುಮಣ್ಣು ಹರಡಿ ಅದರ ಮೇಲೆ ಹುಲ್ಲು ಹಾಸುವುದು ಹೊಸ ಬಡಾವಣೆಗಳಲ್ಲಿ ವಾಡಿಕೆ. ಮೊದಲ ವರ್ಷ ಹುಲ್ಲು ಚೆನ್ನಾಗಿದ್ದು ಆಮೇಲೆ ಬಿಳಚಿಕೊಳ್ಳುವುದಕ್ಕೆ, ಬೇರು ಕೆಳಗಿನ ಎರೆಗೆ ಇಳಿದದ್ದೂ ಒಂದು ಕಾರಣ.

ಹೊಲದವರಿಗೆ ಇದು ಹೊಸ ವಿಷಯವಲ್ಲ. ಸುಣ್ಣದ ಅಂಶ ಹೆಚ್ಚಿರುವ ಹೊಲದಲ್ಲಿ ಮಳೆ ಜಾಸ್ತಿಯಾದಾಗ ಶೇಂಗಾ ಬೆಳೆ ಕುಡಿಯಿಂದಲೇ ಹಳದಿಯಾಗುವುದನ್ನು ಅವರು ಕಂಡಿದ್ದಾರೆ, ಅದಕ್ಕೆ ಅನ್ನಭೇದಿಯ ನೀರು ಹೊಡೆಯುವುದನ್ನೂ ಬಲ್ಲರು. ಅನ್ನಭೇದಿ ಎಂದರೆ ಫೆರಸ್ ಸಲ್ಫೇಟ್. ಶೇಂಗಾಕ್ಕೆ ಸಲ್ಲುವ ಆ ಉಪಾಯ ಮನೆಯಂಗಳದ ಹುಲ್ಲಿಗೂ ಸಲ್ಲುತ್ತದೆ ಎಂಬುದನ್ನು ನಾವು ನಗರದವರು ಅವರಿಂದ ಕಲಿಯಬೇಕಿದೆ.

ಗೊಬ್ಬರದ ಅಂಗಡಿಗೆ ಹೋಗುವ ಮೊದಲು ಎಲೆಯನ್ನು ನೋಡಬೇಕು, ಅದೂ ಬಗ್ಗಿ, ಹತ್ತಿರದಿಂದ. ಗಿಡದೊಳಗೆ ಸಾರಜನಕ ಸುಲಭವಾಗಿ ಓಡಾಡುತ್ತದೆ. ಅದು ಕಡಿಮೆಯಾದಾಗ ಗಿಡ ಹಳೆಯ ಎಲೆಯಿಂದ ಹೊಸ ಎಲೆಗೆ ಅದನ್ನು ಸಾಗಿಸುತ್ತದೆ. ಹೀಗಾಗಿ ಬುಡದ ಹಳೆಯ ಎಲೆಗಳು ಮೊದಲು, ಎಲೆಯ ಉದ್ದಕ್ಕೂ ಒಂದೇ ಸಮನಾಗಿ ಹಳದಿಯಾಗುತ್ತವೆ ಮತ್ತು ಹುಲ್ಲಿನ ಬೆಳವಣಿಗೆಯೂ ಕುಂಠಿತವಾಗುತ್ತದೆ. ಕಬ್ಬಿಣ ಹಾಗೆ ಓಡಾಡುವುದಿಲ್ಲ. ಅದರ ಕೊರತೆ ತುದಿಯ ಎಳೆಯ ಎಲೆಯಲ್ಲಿ ಕಾಣಿಸುತ್ತದೆ: ನರಗಳು ಹಸಿರಾಗಿಯೇ ಉಳಿದು ಅವುಗಳ ನಡುವಿನ ಭಾಗ ಹಳದಿಯಾಗಿ, ಎಲೆಯ ಮೇಲೆ ಉದ್ದುದ್ದ ಗೆರೆ ಎಳೆದಂತೆ ತೋರುತ್ತದೆ; ಕೊರತೆ ತೀವ್ರವಾದರೆ ಎಳೆ ಎಲೆ ಪೂರ್ತಿ ಬೆಳ್ಳಗಾಗುತ್ತದೆ. ಸಾರಜನಕದ ಕೊರತೆ ಅಂಗಳದ ತುಂಬ ಸಮನಾಗಿ ಹರಡಿರುತ್ತದೆ, ಕಬ್ಬಿಣದ ಕೊರತೆ ಮಚ್ಚೆ ಮಚ್ಚೆಯಾಗಿ, ವಿಶೇಷವಾಗಿ ನೀರು ನಿಲ್ಲುವ ತಗ್ಗಿನಲ್ಲಿ ಕಾಣುತ್ತದೆ.

ಕಣ್ಣಿಗೆ ನಿಶ್ಚಯವಾಗದಿದ್ದರೆ ಸಣ್ಣದೊಂದು ಪರೀಕ್ಷೆಯಿಂದ ಉತ್ತರ ಸಿಗುತ್ತದೆ. ಹುಲ್ಲು ಹೆಚ್ಚು ಪೇಲವವಾಗಿರುವ ಕಡೆ ಒಂದು ಮೀಟರ್ ಅಗಲದ ಎರಡು ಚೌಕಗಳನ್ನು ಗುರುತಿಸಿ, ಒಂದಕ್ಕೆ ಲೀಟರಿಗೆ 10 ಗ್ರಾಂ ಯೂರಿಯಾ ಕರಗಿಸಿದ ನೀರನ್ನೂ, ಇನ್ನೊಂದಕ್ಕೆ ಲೀಟರಿಗೆ 5 ಗ್ರಾಂ ಅನ್ನಭೇದಿ ಕರಗಿಸಿದ ನೀರನ್ನೂ ಎಲೆ ತೋಯುವಷ್ಟು ಸಿಂಪಡಿಸಬೇಕು. ವಾರದೊಳಗೆ ಯಾವ ಚೌಕ ಸುತ್ತಲಿನ ಹುಲ್ಲಿಗಿಂತ ಗಾಢವಾಗಿ ಎದ್ದು ಕಾಣುತ್ತದೆಯೋ ಕೊರತೆ ಅದರದ್ದು. ಎರಡೂ ಹಸಿರಾದರೆ ಎರಡೂ ಬೇಕು. ಎರಡೂ ಬದಲಾಗದಿದ್ದರೆ ಗೊಬ್ಬರವನ್ನು ಬದಿಗಿಟ್ಟು ನೆರಳು, ನೀರು, ಬೇರಿನ ಹುಳುಗಳ ಕಡೆ ಗಮನ ಕೊಡಬೇಕು. ಮಣ್ಣಿನಡಿಯ ಗೊಣ್ಣೆಹುಳು ಬೇರನ್ನು ತಿಂದಿದ್ದರೆ ಹುಲ್ಲು ಹಿಡಿದೆಳೆದ ಕೂಡಲೇ ಚಾಪೆಯಂತೆ ಎದ್ದುಬರುತ್ತದೆ.

ಅನ್ನಭೇದಿಯನ್ನು ಕೊಳ್ಳುವಾಗ ಅದರ ಬಣ್ಣ ನೋಡಬೇಕು. ಒಳ್ಳೆಯದು ತಿಳಿಯಾದ ನೀಲಿ-ಹಸಿರು ಹರಳುಗಳಾಗಿರುತ್ತದೆ, ಅದರಲ್ಲಿ ಶೇಕಡ 19ರಿಂದ 20ರಷ್ಟು ಕಬ್ಬಿಣವಿರುತ್ತದೆ. ಗಾಳಿಯಾಡಿ ಕಂದುಬಣ್ಣಕ್ಕೆ ತಿರುಗಿದ ಪುಡಿಯ ಕಬ್ಬಿಣ ಈಗಾಗಲೇ ತುಕ್ಕಿನ ರೂಪಕ್ಕೆ ಹೋಗಿರುವುದರಿಂದ ಅದು ಎಲೆಗೆ ದಕ್ಕುವುದಿಲ್ಲ; ಅಂಥದನ್ನು ಅಗ್ಗವೆಂದು ತರಬಾರದು. ನೀರಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೆ ಅನ್ನಭೇದಿಯನ್ನು ನೇರವಾಗಿ ಹಾಕಿದರೆ ನೀರು ಸ್ವಲ್ಪ ಹೊತ್ತಿನಲ್ಲಿ ಕೆಂಪಗಾಗಿ ಗಸಿ ಕೆಳಗೆ ಕೂರುತ್ತದೆ, ಅಂದರೆ ಎಲೆಗೆ ಹೋಗಬೇಕಾದ ಕಬ್ಬಿಣ ಬಕೆಟ್ಟಿನಲ್ಲೇ ಕೆಟ್ಟಿತು. ಇದನ್ನು ತಪ್ಪಿಸಲು ಮಾಳಿಗೆಯಿಂದ ಹಿಡಿದಿಟ್ಟ ಮಳೆನೀರನ್ನು ಬಳಸುವುದು ಎಲ್ಲಕ್ಕಿಂತ ಉತ್ತಮ. ಅದಿಲ್ಲದಿದ್ದರೆ ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲವನ್ನು ಲೀಟರಿಗೆ ಒಂದು ಗ್ರಾಮಿನಂತೆ ಮೊದಲು ನೀರಿನಲ್ಲಿ ಕರಗಿಸಿ, ಆಮೇಲೆ ಅನ್ನಭೇದಿ ಹಾಕಬೇಕು. ಈ ಕ್ರಮ ತಿರುವುಮುರುವಾಗಬಾರದು.

ನೂರು ಚದರ ಅಡಿಗೆ ಒಂದು ಲೀಟರ್ ನೀರು, ಅದರಲ್ಲಿ 5 ಗ್ರಾಂ ಅನ್ನಭೇದಿ. ಮನೆಯ ಹುಲ್ಲುಹಾಸಿಗೆ ಇಷ್ಟು ಸಾಕು. ಸಂಜೆ ಬಿಸಿಲು ಇಳಿದ ಮೇಲೆ, ಹುಲ್ಲು ಬಾಯಾರಿರದ ಹೊತ್ತಿನಲ್ಲಿ, ಹನಿ ಸಣ್ಣದಾಗಿ ಬೀಳುವ ಪಂಪಿನಿಂದ ಸಿಂಪಡಿಸಬೇಕು. ನಡುಹಗಲಿನ ಬಿಸಿಲಿನಲ್ಲಿ ಹೊಡೆದರೆ ಎಲೆಯ ತುದಿ ಸುಡುತ್ತದೆ. ಪ್ರಮಾಣ ಹೆಚ್ಚಾದರೆ ಹುಲ್ಲು ಕಪ್ಪಡರಿದಂತಾಗುತ್ತದೆ, ಹೊಸ ಎಲೆ ಬಂದಂತೆ ಅದು ತಾನಾಗಿ ಹೋಗುತ್ತದೆ. ಬೇರೆಯವರ ಹೊಲದಲ್ಲಿ ಎಣ್ಣಿ (ಬೆಳೆಯ ಔಷಧ) ಹೊಡೆಯಲು ಬಳಸಿದ ಪಂಪನ್ನು ಕೇಳಿ ತಂದಿದ್ದರೆ, ಅದರಲ್ಲಿ ಕಳೆನಾಶಕ ತುಂಬಿದ್ದರೇ ಎಂದು ವಿಚಾರಿಸಿ ಚೆನ್ನಾಗಿ ತೊಳೆದುಕೊಳ್ಳುವುದು ಅಗತ್ಯ, ಏಕೆಂದರೆ ಅದರ ಉಳಿಕೆ ಸ್ವಲ್ಪವಿದ್ದರೂ ಹುಲ್ಲು ಸಾಯುತ್ತದೆ. ಶಹಾಬಾದ ಕಲ್ಲು, ಟೈಲ್ಸು, ಬಿಳಿ ಗೋಡೆಗಳ ಮೇಲೆ ಈ ನೀರು ಬಿದ್ದು ಒಣಗಿದರೆ ತುಕ್ಕಿನ ಕಲೆ ಉಳಿಯುತ್ತದೆ. ಅವುಗಳನ್ನು ಮೊದಲೇ ನೀರಿನಿಂದ ತೋಯಿಸಿಟ್ಟು, ಸಿಂಪಡಿಸಿದ ಕೂಡಲೇ ಮತ್ತೆ ತೊಳೆಯಬೇಕು. ಫಲ ಮೂರ್ನಾಲ್ಕು ದಿನಗಳಲ್ಲಿ ಕಾಣತೊಡಗುತ್ತದೆ. ಕಬ್ಬಿಣ ಎಲೆಯಿಂದ ಎಲೆಗೆ ಸಾಗದಿರುವ ಕಾರಣ, ಹಸಿರಾದ ಎಲೆಗಳನ್ನು ನಾವು ಕತ್ತರಿಸಿ ತೆಗೆದಂತೆ ಬಣ್ಣವೂ ಹೋಗುತ್ತದೆ. ಎರಡು ಮೂರು ವಾರಕ್ಕೊಮ್ಮೆ ಮತ್ತೆ ಸಿಂಪಡಿಸಬೇಕಾಗುತ್ತದೆ. ಇದು ಈ ವಿಧಾನದ ಮಿತಿ, ಒಪ್ಪಿಕೊಳ್ಳಲೇಬೇಕು.

ಅಷ್ಟು ಸಲ ಸಿಂಪಡಿಸುವ ಬದಲು ಅನ್ನಭೇದಿಯನ್ನು ಮಣ್ಣಿಗೇ ಹಾಕಿಬಿಡಬಾರದೇ ಎಂದು ಅನೇಕರು ಕೇಳುತ್ತಾರೆ. ಎರೆಯಲ್ಲಿ ಅದು ವ್ಯರ್ಥ. ಸುಣ್ಣವಿರುವ ಮಣ್ಣಿಗೆ ಬಿದ್ದ ಫೆರಸ್ ಕಬ್ಬಿಣ ಬಹುಬೇಗ ಫೆರಿಕ್ ಆಗಿ ಮಣ್ಣಿನ ಉಳಿದ ಕಬ್ಬಿಣದಂತೆಯೇ ಕರಗದೆ ಕೂರುತ್ತದೆ. ಗಂಧಕ ಹಾಕಿ ಪಿಎಚ್ ಇಳಿಸುವ ಸಲಹೆಯೂ ಓದಲು ಚೆನ್ನಾಗಿದೆ, ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ. ನೂರು ಚದರ ಅಡಿ ಜಾಗದಲ್ಲಿ ಅರ್ಧ ಅಡಿ ಆಳದವರೆಗಿನ ಮಣ್ಣಿನ ತೂಕ ಸುಮಾರು 1,800 ಕೆಜಿ. ಅದರಲ್ಲಿ ಶೇಕಡ ಒಂದರಷ್ಟೇ ಸುಣ್ಣವಿದ್ದರೂ 18 ಕೆಜಿ ಆಯಿತು, ಅದಷ್ಟನ್ನು ಕರಗಿಸಲು ಸುಮಾರು 6 ಕೆಜಿ ಗಂಧಕ ಬೇಕು. ಶೇಕಡ ಐದರಷ್ಟು ಸುಣ್ಣವಿದ್ದರೆ 30 ಕೆಜಿ. ಆ ಸುಣ್ಣ ಮುಗಿಯುವವರೆಗೆ ಪಿಎಚ್ ಹೇಳಿಕೊಳ್ಳುವಷ್ಟು ಇಳಿಯುವುದೂ ಇಲ್ಲ. ಮಣ್ಣಿನ ಮೂಲಕವೇ ಕಬ್ಬಿಣ ಕೊಡಬೇಕೆನ್ನುವವರಿಗೆ ಇರುವ ದಾರಿ ಚಿಲೇಟ್ ರೂಪದ ಕಬ್ಬಿಣ, ಅಂದರೆ ಕರಗಿದ ಸ್ಥಿತಿಯಲ್ಲೇ ಉಳಿಯುವಂತೆ ಬೇರೊಂದು ಸಂಯುಕ್ತ ಹಿಡಿದಿಟ್ಟುಕೊಂಡ ಕಬ್ಬಿಣ. ಅದರಲ್ಲೂ ಪೊಟ್ಟಣದ ಮೇಲಿನ ಅಕ್ಷರಗಳನ್ನು ಓದಬೇಕು. ಸುಲಭವಾಗಿ ಸಿಗುವ ಇಡಿಟಿಎ ಚಿಲೇಟು ನಮ್ಮ ಕ್ಷಾರಮಣ್ಣಿನಲ್ಲಿ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳಲಾರದು, ಎಲೆಯ ಮೇಲೆ ಸಿಂಪಡಿಸಲು ಮಾತ್ರ ಯೋಗ್ಯ. ಇಡಿಡಿಎಚ್‌ಎ ಎಂಬುದು 9ರ ಪಿಎಚ್‌ನಲ್ಲೂ ಕೆಡದೆ ನಿಲ್ಲುತ್ತದೆ. ಬೆಲೆ ಬಹಳ ಹೆಚ್ಚು, ಹಾಗಾಗಿ ಗೋಡೆಯ ಬುಡದ ಹಳದಿ ಪಟ್ಟಿಯಂಥ ಚಿಕ್ಕ ಜಾಗಕ್ಕೆ ಅದನ್ನು ಇಟ್ಟುಕೊಳ್ಳುವುದು ಜಾಣತನ.

ಯೂರಿಯಾವನ್ನು ಬಿಟ್ಟೇಬಿಡಿ ಎಂದು ನಾನು ಹೇಳುತ್ತಿಲ್ಲ. ಬೆಳೆಯುವ ಕಾಲದಲ್ಲಿ ಹುಲ್ಲಿಗೆ ಸಾರಜನಕ ಬೇಕೇ ಬೇಕು, ಮತ್ತು ಅದಿಲ್ಲದಿದ್ದರೆ ಕಬ್ಬಿಣ ಒಂದೇ ಏನೂ ಮಾಡಲಾರದು. ಯೂರಿಯಾದಲ್ಲಿ ಶೇಕಡ 46ರಷ್ಟು ಸಾರಜನಕವಿದೆ. ನೂರು ಚದರ ಅಡಿಗೆ ಒಮ್ಮೆಗೆ 50 ಗ್ರಾಂ ಮೀರಬಾರದು, ಮಳೆಗಾಲದಲ್ಲಿ ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಹಾಕಿದರೆ ಸಾಕು. ಕ್ಷಾರಮಣ್ಣಿನ ಮೇಲೆ ಚೆಲ್ಲಿ ಹಾಗೆಯೇ ಬಿಟ್ಟ ಯೂರಿಯಾದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಆದ್ದರಿಂದ ಹಾಕಿದ ಕೂಡಲೇ ನೀರು ಬಿಡಬೇಕು. ನನ್ನ ಆಯ್ಕೆ ಅಮೋನಿಯಂ ಸಲ್ಫೇಟ್. ಅದರಲ್ಲಿ ಸಾರಜನಕ ಶೇಕಡ 21ರ ಹತ್ತಿರ ಇರುವುದರಿಂದ ಯೂರಿಯಾದ ಎರಡರಷ್ಟು ತೂಕ ಬೇಕಾಗುತ್ತದೆ, ಆದರೆ ಅದು ಬೇರಿನ ಸುತ್ತ ತುಸು ಆಮ್ಲತೆಯನ್ನು ಉಂಟುಮಾಡಿ ಕಬ್ಬಿಣ ಕರಗಲು ಒಂದಿಷ್ಟು ಅನುವು ಮಾಡಿಕೊಡುತ್ತದೆ. ರಂಜಕ ಹೆಚ್ಚಿರುವ ಡಿಎಪಿ ಗೊಬ್ಬರವನ್ನು ಮಾತ್ರ ಹುಲ್ಲುಹಾಸಿಗೆ ಪದೇ ಪದೇ ಹಾಕಬಾರದು, ಹೆಚ್ಚಾದ ರಂಜಕವು ಕಬ್ಬಿಣದ ಕೊರತೆಯನ್ನು ಇನ್ನಷ್ಟು ಉಲ್ಬಣಗೊಳಿಸುತ್ತದೆ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನಾಗಲಿ ಕುರಿಹಿಕ್ಕೆಯ ಗೊಬ್ಬರವನ್ನಾಗಲಿ ಜರಡಿ ಹಿಡಿದು, ಮಸಾರಿ ಮಣ್ಣಿನೊಂದಿಗೆ ಬೆರೆಸಿ, ಮಳೆಗಾಲದ ಹೊಸ್ತಿಲಲ್ಲಿ ಕಾಲಿಂಚು ದಪ್ಪಕ್ಕೆ ಹರಡುವುದು ನಿಧಾನವಾದರೂ ಬಾಳಿಕೆಯ ಉಪಾಯ. ಗೊಬ್ಬರ ಕೊಳೆಯುವಾಗ ಹುಟ್ಟುವ ಸಾವಯವ ಆಮ್ಲಗಳು ಮಣ್ಣಿನಲ್ಲಿರುವ ಕಬ್ಬಿಣವನ್ನೇ ಹಿಡಿದು ಬೇರಿಗೆ ಒದಗಿಸುತ್ತವೆ.

ನೀರಿನ ಬಗ್ಗೆ ನಮ್ಮಲ್ಲಿರುವ ತಪ್ಪು ತಿಳಿವಳಿಕೆ, ಹಳದಿಯಾದ ಹುಲ್ಲಿಗೆ ದಿನವೂ ನೀರು ಬಿಡಬೇಕೆಂಬುದು. ಎರೆಮಣ್ಣು ನೀರನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ದಿನವೂ ತೋಯಿಸಿದರೆ ಬೇರಿಗೆ ಗಾಳಿ ಸಿಗುವುದಿಲ್ಲ, ಬೈಕಾರ್ಬೊನೇಟ್ ತುಂಬಿಕೊಳ್ಳುತ್ತದೆ, ಹಳದಿ ಹೆಚ್ಚುತ್ತದೆ. ಆಷಾಢ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ, ನೀರಿಗೆ ಕೊರತೆಯೇ ಇಲ್ಲದ ದಿನಗಳಲ್ಲಿ, ಹುಲ್ಲು ಬಿಳಚಿಕೊಳ್ಳುವುದು ಇದೇ ಕಾರಣಕ್ಕೆ. ಅಂಗಳವನ್ನು ಒಂದು ಬದಿಗೆ ತುಸು ಇಳಿಜಾರು ಮಾಡಿ ನೀರು ಹೊರಗೆ ಹೋಗಲು ದಾರಿ ಕೊಡುವುದು, ವರ್ಷಕ್ಕೊಮ್ಮೆ ಮಣ್ಣು ಹದವಾಗಿರುವಾಗ ಮುಳ್ಳು ಸಲಿಕೆಯಿಂದ ನಾಲ್ಕೈದು ಇಂಚು ಆಳಕ್ಕೆ ಚುಚ್ಚಿ ರಂಧ್ರ ಮಾಡುವುದು, ಇವೆರಡೂ ಎಷ್ಟೋ ಗೊಬ್ಬರಕ್ಕಿಂತ ಮೇಲು. ಸವದತ್ತಿಯ ಬಳಿಯ ನವಿಲುತೀರ್ಥದ ಜಲಾಶಯದಿಂದ ಬರುವ ಮಲಪ್ರಭೆಯ ನಲ್ಲಿನೀರು ನಮ್ಮ ಎಷ್ಟೋ ಬೋರ್‌ವೆಲ್ಲುಗಳ ಗಡಸು ನೀರಿಗಿಂತ ಹುಲ್ಲಿಗೆ ಹಿತ. ಆದರೆ ಕುಡಿಯುವ ನೀರನ್ನು ಅಂಗಳಕ್ಕೆ ಸುರಿಯುವುದು ನನಗೆ ಸರಿಕಾಣುವುದಿಲ್ಲ. ಬೋರ್‌ವೆಲ್ಲಿನ ನೀರನ್ನೇ ಬಳಸುವವರು ಬೇಸಿಗೆಯ ಹೊರತು ವಾರಕ್ಕೆ ಒಂದೆರಡು ಸಲ, ಅರ್ಧ ಅಡಿ ಆಳದವರೆಗೆ ಇಳಿಯುವಂತೆ ಬಿಟ್ಟರೆ ಸಾಕು. ನೀರು ಶುದ್ಧೀಕರಿಸುವ ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಿ ಉಪ್ಪು ಇನ್ನೂ ದಟ್ಟವಾಗಿರುತ್ತದೆ, ಅದನ್ನು ಹುಲ್ಲಿಗೆ ಹಾಕಬಾರದು.

ಕತ್ತರಿಸುವ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ಒಮ್ಮೆಗೆ ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ತಿಂಗಳುಗಟ್ಟಲೆ ಬೆಳೆಯಬಿಟ್ಟು ಒಂದೇ ಸಲ ನೆಲಕ್ಕೆ ಹತ್ತಿಸಿ ಕೊಯ್ದರೆ ಕೆಳಗಿನ ಕಂದು ಕಡ್ಡಿಗಳು ಬಯಲಾಗುತ್ತವೆ, ಆಗ ಯಾವ ಗೊಬ್ಬರವೂ ಹಸಿರು ತರಲಾರದು. ಯಂತ್ರದ ಅಲಗು ಮೊಂಡಾಗಿದ್ದರೆ ಎಲೆಯ ತುದಿ ಹರಿದು ಬಿಳಿ ನಾರು ನಾರಾಗಿ ಒಣಗುತ್ತದೆ, ದೂರದಿಂದ ಇಡೀ ಅಂಗಳ ಬೂದುಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ. ಕತ್ತರಿಸಿದ ಸಣ್ಣ ತುಣುಕುಗಳನ್ನು ಗುಡಿಸಿ ಒಯ್ಯದೆ ಅಲ್ಲಿಯೇ ಬಿಟ್ಟರೆ ಅವುಗಳಲ್ಲಿನ ಸಾರಜನಕ ಮಣ್ಣಿಗೆ ಮರಳುತ್ತದೆ.

ಹುಲ್ಲಿನ ಜಾತಿಯಲ್ಲೂ ಹಸಿರಿನ ಮಟ್ಟ ಅಡಗಿದೆ. ನಮ್ಮ ಕರಕಿಯ ಜಾತಿಗೇ ಸೇರಿದ ಬರ್ಮುಡಾ ಹುಲ್ಲು ಪೂರ್ಣ ಬಿಸಿಲನ್ನು ಬಯಸುತ್ತದೆ, ಮಾವಿನ ಮರದ ಅಡಿಯಲ್ಲಿ ಅದು ಎಂದೂ ದಟ್ಟವಾಗದು; ಅಂಥ ನೆರಳಿಗೆ ಅಗಲ ಎಲೆಯ ಕಾರ್ಪೆಟ್ ಹುಲ್ಲು ವಾಸಿ. ಗಣೇಶನ ಪೂಜೆಗೆ ಕುಯ್ಯುವ ಈ ಕರಕಿಯನ್ನು ಎರೆಹೊಲದಿಂದ ಕಿತ್ತು ತೆಗೆಯಲು ನಮ್ಮ ಹಿರಿಯರು ಆಳಕ್ಕೆ ಅಗೆದು ಪಟ್ಟ ಶ್ರಮ ಅಷ್ಟಿಷ್ಟಲ್ಲ. ಅದರ ಬೇರು ಎಷ್ಟು ಗಟ್ಟಿ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಹುಲ್ಲಿನ ವರ್ಗದ ಸಸ್ಯಗಳು ಬೇರಿನಿಂದ ಒಂದು ಬಗೆಯ ರಸವನ್ನು ಒಸರಿ ಮಣ್ಣಿನಲ್ಲಿ ಕರಗದೆ ಕೂತ ಕಬ್ಬಿಣವನ್ನು ಹಿಡಿದು ತರಬಲ್ಲವು. ಬೇರು ಆರೋಗ್ಯವಾಗಿದ್ದಷ್ಟೂ ನಾವು ಸಿಂಪಡಿಸುವ ಅಗತ್ಯ ಕಡಿಮೆಯಾಗುತ್ತದೆ.

ಮಣ್ಣು ಪರೀಕ್ಷೆಯನ್ನು ಒಮ್ಮೆಯಾದರೂ ಮಾಡಿಸಬೇಕೆಂದು ನಾನು ಎಲ್ಲರಿಗೂ ಒತ್ತಾಯಿಸಿ ಹೇಳುತ್ತೇನೆ. 1986ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯ ನಮ್ಮ ಧಾರವಾಡದಲ್ಲೇ ಇರುವಾಗ ಊಹೆಯ ಮೇಲೆ ಗೊಬ್ಬರ ಸುರಿಯುವ ಅಗತ್ಯವಿಲ್ಲ. ಅಂಗಳದ ನಾಲ್ಕೈದು ಕಡೆ ಅರ್ಧ ಅಡಿಯವರೆಗಿನ ಮಣ್ಣನ್ನು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿಯಷ್ಟನ್ನು ಕೊಡಬೇಕು. ವರದಿಯಲ್ಲಿ ಪಿಎಚ್, ಲವಣಾಂಶ, ಸುಣ್ಣದ ಪ್ರಮಾಣ, ಲಭ್ಯ ಕಬ್ಬಿಣ ಇವು ನಾಲ್ಕನ್ನು ಕೇಳಿ ಪಡೆಯಬೇಕು. ಲಭ್ಯ ಕಬ್ಬಿಣ 4.5 ಪಿಪಿಎಂಗಿಂತ (ಹತ್ತು ಲಕ್ಷ ಭಾಗ ಮಣ್ಣಿಗೆ 4.5 ಭಾಗಕ್ಕಿಂತ) ಕೆಳಗಿದ್ದರೆ ಕೊರತೆ ಎಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ.

ಇನ್ನು ಕಾಲದ ಲೆಕ್ಕ. ಆರಿದ್ರೆಯಿಂದ ಹಸ್ತದವರೆಗಿನ ಮಳೆಗಳಲ್ಲಿ ಸಾರಜನಕವನ್ನೂ ಕಬ್ಬಿಣವನ್ನೂ ಒಟ್ಟೊಟ್ಟಿಗೆ ನಡೆಸಿಕೊಂಡು ಹೋಗಬಹುದು. ಅನ್ನಭೇದಿ ಸಿಂಪಡಿಸಲು ಮಳೆ ಬಿಡುವು ಕೊಟ್ಟ ಸಂಜೆಯನ್ನು ಆರಿಸಿಕೊಳ್ಳಬೇಕು. ದೀಪಾವಳಿಯ ಹೊತ್ತಿಗೆ ಯೂರಿಯಾ ನಿಲ್ಲಿಸುವುದು ಒಳ್ಳೆಯದು. ಚಳಿಗಾಲದ ರಾತ್ರಿಗಳಲ್ಲಿ ಬಿಸಿಹವೆಯ ಈ ಹುಲ್ಲುಗಳ ಬೆಳವಣಿಗೆ ತಾನಾಗಿ ಕುಗ್ಗುತ್ತದೆ, ಆಗ ಸಾರಜನಕದಿಂದ ಪ್ರಯೋಜನ ಅಷ್ಟಾಗಿ ಇಲ್ಲ. ಆದರೆ ಕಬ್ಬಿಣದ ಸಿಂಪರಣೆ ಅತಿ ಹೆಚ್ಚು ಬೆಲೆ ತರುವುದು ಇದೇ ಕಾಲದಲ್ಲಿ. ಹುಲ್ಲು ನಿಧಾನವಾಗಿ ಬೆಳೆಯುವುದರಿಂದ ಕತ್ತರಿಸುವುದು ಕಡಿಮೆ, ಒಮ್ಮೆ ಬಂದ ಬಣ್ಣ ತಿಂಗಳವರೆಗೂ ಉಳಿಯಬಹುದು. ಮಾರ್ಚಿನಿಂದ ಮೇವರೆಗೆ, ಎರೆ ಬಿರುಕು ಬಿಡುವ ಬಿಸಿಲಿನಲ್ಲಿ, ಕಡುಹಸಿರಿನ ಆಸೆಯನ್ನು ಕೈಬಿಡುವುದೇ ಸರಿ. ಆಗ ಹುಲ್ಲನ್ನು ಎರಡು ಇಂಚಿನವರೆಗೆ ಎತ್ತರವಾಗಿ ಬಿಟ್ಟು, ಬೇರು ಜೀವ ಹಿಡಿಯುವಷ್ಟು ನೀರು ಕೊಟ್ಟು, ಗೊಬ್ಬರವನ್ನೂ ಅನ್ನಭೇದಿಯನ್ನೂ ದೂರವಿಡಬೇಕು. ಅಡ್ಡಮಳೆ ಒಂದು ಸಲ ಬಿದ್ದ ಕೂಡಲೇ ಯೂರಿಯಾ ಹಿಡಿದು ಹೊರಡಬಾರದು. ಮೃಗಶಿರೆಯ ಮಳೆ ಮಣ್ಣನ್ನು ಗೇಣುದ್ದ ತೋಯಿಸಿ ಬಿರುಕುಗಳು ಮುಚ್ಚಿದ ಮೇಲೆ ವರ್ಷದ ಮೊದಲ ಗೊಬ್ಬರ ಹಾಕಬೇಕು, ಅದಾದ ವಾರದ ನಂತರ ಮೊದಲ ಅನ್ನಭೇದಿ.